‘ರಜೆ ಹೇಗೆ ಕಳೆದೆ?’ ಎಂದು ಕೇಳುವ ಮುನ್ನ

ದಸರಾ ರಜೆ ಮುಗಿದ ಮೊದಲ ದಿನ ನನ್ನ ಅಭ್ಯಾಸ ಬೋಧನೆಗೆ ಏಳನೆಯ ತರಗತಿಯ ಕನ್ನಡ ಅವಧಿ ಸಿಕ್ಕಿತ್ತು. ಯಾದಗಿರಿ ಜಿಲ್ಲೆಯ ಒಂದು ಹಳ್ಳಿಶಾಲೆ. ಮಕ್ಕಳಿಗೆ ಸುಲಭವಾದೀತೆಂದು ‘ನಾನು ರಜೆ ಕಳೆದ ಬಗೆ’ ಎಂಬ ಪ್ರಬಂಧ ಬರೆಸಿದೆ. ಒಬ್ಬ ಹುಡುಗ ಒಂದೇ ಸಾಲು ಬರೆದಿದ್ದ: ‘ರಜೆಯಲ್ಲಿ ಏನೂ ಆಗಲಿಲ್ಲ.’ ನಾನು ಕೆಂಪು ಶಾಯಿಯಲ್ಲಿ ‘ವಿಸ್ತರಿಸಿ ಬರೆ’ ಎಂದು ಗುರುತು ಹಾಕಿದೆ.

ಮಾರ್ಗದರ್ಶಕ ಶಿಕ್ಷಕಿ ಆ ಪುಸ್ತಕ ನೋಡಿ, “ಅವಂದು ಪೂರ್ತಿ ಉತ್ತರಾನೇ ಐತ್ರಿ” ಎಂದರು. ಹುಡುಗನ ಅವ್ವ ಅಪ್ಪ ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೆ ಹೋಗಿದ್ದಾರೆ. ಇವನು ಅಜ್ಜಿಯ ಜೊತೆ ಇದ್ದಾನೆ. ಅಜ್ಜಿ ಹತ್ತಿ ಬಿಡಿಸಲು ಹೋದರೆ ಬರುವುದು ಸಂಜೆಗೆ. ಗೆಳೆಯರೆಲ್ಲ ರಜೆಯಲ್ಲಿ ಸೋದರಮಾವನ ಊರಿಗೆ ಹೋಗುತ್ತಾರೆ. ಶಾಲೆ ಇದ್ದಾಗ ಪ್ರಾರ್ಥನೆ, ಬಿಸಿಯೂಟ, ಆಟ ಎಂದು ದಿನಕ್ಕೊಂದು ಕ್ರಮವಿರುತ್ತದೆ. ರಜೆ ಬಂದರೆ ಕ್ರಮವೂ ಹೋಯಿತು, ಜೊತೆಗಾರರೂ ಹೋದರು.

ಒಬ್ಬನೇ ಇರುವುದೆಲ್ಲ ಒಂಟಿತನವಲ್ಲ. ಇಷ್ಟಪಟ್ಟು ಒಬ್ಬನೇ ಕೂತರೆ ಅದು ಏಕಾಂತ. ಬೇಕಾದವರು ಇಲ್ಲ ಎಂಬ ನೋವೇ ಒಂಟಿತನ. ಸಮಾಜವಿಜ್ಞಾನಿ ರಾಬರ್ಟ್ ವೈಸ್ 1973ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದನ್ನು ಎರಡು ಬಗೆಯಾಗಿ ವಿಂಗಡಿಸಿದರು. ಗೆಳೆಯರ ಗುಂಪಿಲ್ಲದ್ದು ಸಾಮಾಜಿಕ ಒಂಟಿತನ; ಆಪ್ತರಾದ ಒಬ್ಬರು ಹತ್ತಿರವಿಲ್ಲದ್ದು ಭಾವನಾತ್ಮಕ ಒಂಟಿತನ. ಒಂದರ ಕೊರತೆಯನ್ನು ಇನ್ನೊಂದು ತುಂಬುವುದಿಲ್ಲ ಎಂಬುದು ಅವರ ವಾದ. ನಮ್ಮ ಹುಡುಗನಿಗೆ ಎರಡೂ ಇದ್ದವು. ಆದ್ದರಿಂದ ‘ಎಲ್ಲರ ಜೊತೆ ಆಡು ಹೋಗು’ ಎಂಬ ಒಂದೇ ಸಲಹೆ ಸಾಲದು.

ದಸರಾ ಆಗಿ ಇಪ್ಪತ್ತು ದಿನಕ್ಕೆ ದೀಪಾವಳಿ. ಆ ರಜೆಗೆ ಮುಂಚೆ ಶಿಕ್ಷಕಿಯವರ ಜೊತೆ ಕೂತು ನಾಲ್ಕು ಕೆಲಸ ಗೊತ್ತುಮಾಡಿಕೊಂಡೆವು.

ಒಂದು, ಊರಲ್ಲೇ ಉಳಿಯುವ ಮಕ್ಕಳು ಯಾರೆಂದು ತರಗತಿಯ ಎದುರು ಕೇಳದೆ, ಮಾತಿನ ನಡುವೆ ತಿಳಿದುಕೊಂಡು, ಒಂದೇ ಓಣಿಯ ಮೂವರನ್ನು ಒಂದು ಗುಂಪು ಮಾಡುವುದು.

ಎರಡು, ಇನ್ನೊಬ್ಬರಿಲ್ಲದೆ ಮುಗಿಯದ ಮನೆಗೆಲಸ ಕೊಡುವುದು. ಓಣಿಯ ಹಿರಿಯರಿಂದ ಐದು ಒಗಟು ಕೇಳಿ ಬರೆಯುವುದು ಅಂಥದ್ದು. ಕಾಪಿ ಬರೆಯುವ ಕೆಲಸ ಮಗುವನ್ನು ಇನ್ನಷ್ಟು ಒಂಟಿಯಾಗಿಸುತ್ತದೆ.

ಮೂರು, ಗ್ರಂಥಾಲಯದಿಂದ ಎರಡು ಕಥೆಪುಸ್ತಕ ಕೊಟ್ಟು, ಓದಲು, ಆಡಲು, ಅಜ್ಜಿಗೆ ನೆರವಾಗಲು ಸಣ್ಣ ದಿನಚರಿಯನ್ನು ಮಗುವಿನಿಂದಲೇ ಬರೆಸುವುದು.

ನಾಲ್ಕನೆಯದು ಅವ್ವನ ವಿಷಯ. ಕಾಗದ ಬರೆಸೋಣವೆಂದರೆ ಕೂಲಿಯವರ ಶೆಡ್ಡಿಗೆ ವಿಳಾಸವಿಲ್ಲ. ಅವಳು ಭಾನುವಾರ ಸಂಜೆ ಅಜ್ಜಿಯ ಫೋನಿಗೆ ಕರೆ ಮಾಡುತ್ತಾಳೆ. ಆಗ ‘ಉಂಡ್ಯಾ? ಹೂಂ’ ಎನ್ನುವಷ್ಟಕ್ಕೇ ಮಾತು ಮುಗಿಯುತ್ತಿತ್ತು. ಹಾಗಾಗಿ ‘ಅವ್ವನಿಗೆ ಹೇಳಬೇಕಾದದ್ದು’ ಎಂದು ದಿನಕ್ಕೊಂದು ಸಾಲು ಬರೆದಿಡಲು ಹೇಳಿದೆ.

ರಜೆ ಮುಗಿದ ಮೇಲೆ ನನ್ನ ಪ್ರಶ್ನೆಯನ್ನೂ ಬದಲಿಸಿದೆ. ‘ರಜೆ ಹೇಗೆ ಕಳೆದೆ?’ ಎಂಬುದು ಊರಿಗೆ ಹೋದವರ, ಹೊಸ ಬಟ್ಟೆ ಉಟ್ಟವರ ಪ್ರಶ್ನೆ. ‘ರಜೆಯಲ್ಲಿ ನೀನು ಕಂಡ ಒಂದು ಸಂಗತಿ’ ಎಂದರೆ ಎಲ್ಲರಿಗೂ ಉತ್ತರವಿರುತ್ತದೆ. ಹುಡುಗ ತನ್ನ ಪಟ್ಟಿಯಿಂದಲೇ ಆರಿಸಿ, ಮೇಕೆ ಎರಡು ಮರಿ ಹಾಕಿದ್ದನ್ನು ಅರ್ಧ ಪುಟ ಬರೆದ. ಪಟ್ಟಿಯ ಕೊನೆಯಲ್ಲಿ ‘ಯಾವಾಗ ಬರ್ತಿ?’ ಎಂದಿತ್ತು. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಅವ್ವನ ಜಾಗವನ್ನು ಪ್ರಶಿಕ್ಷಣಾರ್ಥಿ ತುಂಬಲಾರಳು. ಅವಳೊಂದಿಗಿನ ಮಾತು ಬೆಳೆಯಲು ನೆರವಾಗಬಲ್ಲಳು, ಅಷ್ಟೇ.

ಒಂದು ಎಚ್ಚರಿಕೆ: ಮಗು ಊಟ, ನಿದ್ದೆ ಬಿಟ್ಟರೆ, ಆಟದಿಂದ ದೂರವೇ ಉಳಿದರೆ ನಾವೇ ನಿಭಾಯಿಸುತ್ತೇವೆಂದು ಕೂರಬಾರದು. ಮುಖ್ಯೋಪಾಧ್ಯಾಯರಿಗೂ ಮನೆಯವರಿಗೂ ತಿಳಿಸಬೇಕು. ಮಕ್ಕಳ ಸಹಾಯವಾಣಿ 1098, ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416, ಎರಡೂ ಉಚಿತ.

ಈಗ ನನ್ನ ಪಾಠ ಯೋಜನೆಯಲ್ಲಿ ಒಂದು ತಿದ್ದುಪಡಿ ಇದೆ. ರಜೆಯ ಕುರಿತ ಪಾಠ ರಜೆ ಮುಗಿದ ಮೇಲಲ್ಲ, ರಜೆಗೆ ಮುಂಚಿನ ವಾರವೇ ಶುರುವಾಗುತ್ತದೆ.