ನಂಜೇರಿದ ನೆತ್ತರಿನ ಸಾಕ್ಷ್ಯ

ಕಾಲಿನ ಗಾಯ ಕೀವುಗಟ್ಟಿ ಜ್ವರ ಬಂದರೆ ‘ಮೈಗೆಲ್ಲ ನಂಜೇರಿತು’ ಎನ್ನುತ್ತಿದ್ದ ನಮ್ಮ ಹಿರಿಯರು ಆ ನಂಜೆಲ್ಲ ಹೊರಗಿನದೆಂದೇ ಭಾವಿಸಿದ್ದರು. ಆದರೆ ವೈದ್ಯರು ಸೆಪ್ಸಿಸ್ ಎನ್ನುವ ಈ ವ್ಯಾಧಿಯಲ್ಲಿ ರೋಗಾಣುವಿಗಿಂತಲೂ ಅದನ್ನೆದುರಿಸಲು ಹೊರಟ ರಕ್ಷಣಾವ್ಯವಸ್ಥೆಯೇ ಹದ ತಪ್ಪಿ, ಬೇಲಿಯೇ ಎದ್ದು ಹೊಲ ಮೇಯ್ದಂತೆ, ಮೂತ್ರಪಿಂಡ ಶ್ವಾಸಕೋಶಗಳನ್ನು ಕೆಡಿಸುವುದುಂಟೆಂದು 2016ರ ಅಂತಾರಾಷ್ಟ್ರೀಯ ವ್ಯಾಖ್ಯೆ ಸಾರಿತು. 2017ರಲ್ಲಿ ಜಗತ್ತಿನಾದ್ಯಂತ 4.89 ಕೋಟಿ ಜನ ಇದಕ್ಕೆ ತುತ್ತಾಗಿ, 1.1 ಕೋಟಿ ಜನ ಮಡಿದರೆಂದು ಅಂದಾಜು.

ಹದ ಎತ್ತ ತಪ್ಪಿದೆಯೆಂಬುದನ್ನು ಜ್ವರವಾಗಲಿ ನಾಡಿಯಾಗಲಿ ಹೇಳಲಾರದು. ಅದಕ್ಕಾಗಿ ತೀವ್ರನಿಗಾ ಘಟಕದ ವೈದ್ಯನು ರಕ್ತವನ್ನು ಕೇಳಬೇಕು. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಟಿಲ್ಲೆಟ್ ಮತ್ತು ಫ್ರಾನ್ಸಿಸ್ ಎಂಬ ವಿಜ್ಞಾನಿಗಳು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಗುರುತಿಸಿದ ಸಿ-ರಿಯಾಕ್ಟಿವ್ ಪ್ರೋಟೀನ್ (ಸಿಆರ್‌ಪಿ) ಹಳೆಯ ಸಾಕ್ಷಿ; ಆದರೆ ಶಸ್ತ್ರಕ್ರಿಯೆಯ ಗಾಯಕ್ಕೂ ಏರುವ ಅದರ ಮಾತು ಅಸ್ಪಷ್ಟ. ಅದಕ್ಕಿಂತ ಸ್ಪಷ್ಟವಾಗಿ ನುಡಿಯುವುದು ಪ್ರೋಕ್ಯಾಲ್ಸಿಟೋನಿನ್: ಆರೋಗ್ಯದಲ್ಲಿ ಮುಖ್ಯವಾಗಿ ಥೈರಾಯ್ಡ್ ಗ್ರಂಥಿಯಲ್ಲಿ ಹುಟ್ಟುವ ಈ ಪ್ರೋಟೀನನ್ನು ಬ್ಯಾಕ್ಟೀರಿಯಾ ಸೋಂಕಿನಲ್ಲಿ ದೇಹದ ನಾನಾ ಅಂಗಾಂಶಗಳು ರಕ್ತಕ್ಕೆ ಸುರಿಸುತ್ತವೆ, ಸೋಂಕು ಹತೋಟಿಗೆ ಬಂದರೆ ದಿನಕ್ಕೆ ಸುಮಾರು ಅರ್ಧದಂತೆ ಇಳಿಯುತ್ತದೆ. ಆದ್ದರಿಂದ ಒಂದು ದಿನದ ಅಂಕಿಗಿಂತ ಅದರ ಏರಿಳಿತವೇ ಮುಖ್ಯ. ಗರಿಷ್ಠ ಮಟ್ಟದಿಂದ ಶೇಕಡ 80ರಷ್ಟು ಇಳಿದು ರೋಗಿಯೂ ಚೇತರಿಸಿಕೊಂಡರೆ ಆ್ಯಂಟಿಬಯಾಟಿಕ್ ನಿಲ್ಲಿಸುವ ಯೋಚನೆ ಮಾಡಬಹುದು.

ರಕ್ಷಣಾವ್ಯವಸ್ಥೆ ಉಕ್ಕೇರಿದ ಉರಿಯ ಬಳಿಕ, ಅದೇ ಬತ್ತಿಹೋಗುವ ಬೂದಿಯ ಕಾಲವೂ ಅಪಾಯಕರ. ಮಾನೊಸೈಟ್ ಎಂಬ ಬಿಳಿಯ ರಕ್ತಕಣವು ನುಂಗಿದ ರೋಗಾಣುವಿನ ತುಣುಕನ್ನು ಎಚ್‌ಎಲ್‌ಎ-ಡಿಆರ್ ಎಂಬ ಮೇಲ್ಮೈ ಅಣುವಿನ ಮೇಲಿಟ್ಟು, ವೈರಿಯ ಗುರುತನ್ನು ಇತರ ಕಣಗಳಿಗೆ ತೋರಿಸಬೇಕು. ದಿನಗಟ್ಟಲೆ ಈ ಅಣುವೇ ಕುಗ್ಗಿಹೋದರೆ ಕಾವಲುಗಾರನು ಕಣ್ಣು ತೆರೆದೇ ನಿದ್ರಿಸಿದಂತೆ, ಆಸ್ಪತ್ರೆಯ ಹೊಸ ಸೋಂಕುಗಳಿಗೆ ಬಾಗಿಲು ತೆರೆಯುತ್ತದೆ. ಅಕ್ಕಪಕ್ಕದ ಮಂಚಗಳಲ್ಲಿ ಒಂದೇ ಜ್ವರದಿಂದ ನರಳುವ ಇಬ್ಬರಲ್ಲಿ ಒಬ್ಬನ ರಕ್ಷಣೆ ಉಕ್ಕೇರಿ, ಇನ್ನೊಬ್ಬನದು ಬತ್ತಿರಬಹುದು. ಉರಿಯನ್ನಡಗಿಸುವ ಔಷಧಗಳನ್ನು ಎಲ್ಲರಿಗೂ ಏಕರೂಪವಾಗಿ ಕೊಟ್ಟ ಪ್ರಯೋಗಗಳು ಬಹುಪಾಲು ಸೋತುದಕ್ಕೆ ಇದೂ ಒಂದು ಕಾರಣವೆಂದು ತಜ್ಞರು ಭಾವಿಸುತ್ತಾರೆ.

ಆದರೂ ಸೆಪ್ಸಿಸ್‌ನಿಂದ ರಕ್ತದೊತ್ತಡ ಕುಸಿದವನಿಗೆ, ಯಾವ ಅಂಕಿಯನ್ನೂ ಕಾಯದೆ, ಒಂದು ಗಂಟೆಯೊಳಗೆ ಆ್ಯಂಟಿಬಯಾಟಿಕ್ ಕೊಡಬೇಕೆಂಬುದೇ ಇಂದಿನ ನಿಯಮ. ಜ್ವರದೊಡನೆ ಏದುಸಿರು, ಮಂಕು, ಮೂತ್ರದ ಕೊರತೆ ಕಂಡರೆ ಮನೆಯವರೂ ಬೆಳಗಾಗಲೆಂದು ಕಾಯದೆ ಆಗಲೇ ಆಸ್ಪತ್ರೆಗೆ ಹೊರಡತಕ್ಕದ್ದು.