ಸಂದೇಹದ ರೆಕ್ಕೆ

ಸಂದೇಹಪಡುವವನಿಗೆ ಏಳಿಗೆಯಿಲ್ಲವೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಏಳುವುದನ್ನೇ, ಎಂದರೆ ನೆಲ ಬಿಟ್ಟು ಮೇಲಕ್ಕೇಳುವುದನ್ನೇ ವಿದ್ಯೆಯಾಗಿ ಕಲಿಯಹೊರಟವನಿಗೆ ಮಾತ್ರ ಈ ಹಿತೋಕ್ತಿ ಸಲ್ಲುವಂತಿಲ್ಲ. ಸಂದೇಹಪಡದ ವೈಮಾನಿಕನಿಗೆ ಏಳಿಗೆಯ ಮಾತು ಹಾಗಿರಲಿ, ಆಯುಸ್ಸಿಗೇ ಭರವಸೆಯಿಲ್ಲ.

ಈ ವಿದ್ಯೆಯ ಅಕ್ಷರಾಭ್ಯಾಸ ಆಗುವುದು ನೆಲದ ಮೇಲೆಯೇ. ಬೆಂಗಳೂರಿನ ಜಕ್ಕೂರು ಮೈದಾನದಂಥ ತರಬೇತಿಯ ತಾಣಕ್ಕೆ ಹೊತ್ತು ಮೂಡುವ ವೇಳೆಗೆ ಹೋದರೆ, ಸೆಸ್ನಾ ವಿಮಾನದ ರೆಕ್ಕೆಯಡಿ ನಿಂತು, ತೊಟ್ಟಿಯ ಬುಡದಿಂದ ಒಂದಿಷ್ಟು ಇಂಧನವನ್ನು ಪಾರದರ್ಶಕವಾದ ಸಣ್ಣ ಸೀಸೆಗೆ ಇಳಿಸಿಕೊಂಡು, ಅದನ್ನು ಬೆಳಕಿಗೆ ಹಿಡಿದು ದಿಟ್ಟಿಸುತ್ತಿರುವ ವಿದ್ಯಾರ್ಥಿ ಕಣ್ಣಿಗೆ ಬೀಳುತ್ತಾನೆ. ಅರೆ ತುಂಬಿದ ತೊಟ್ಟಿಯೊಳಗಣ ಗಾಳಿಯ ತೇವವು ರಾತ್ರಿಯ ತಂಪಿಗೆ ಹನಿಗಟ್ಟಿ ನೀರಾಗುವುದುಂಟು; ಇಂಧನಕ್ಕಿಂತ ಭಾರವಾದ ಆ ನೀರು ಬುಡ ಸೇರಿ, ಅಲ್ಲಿಂದ ಎಂಜಿನ್ನಿಗೆ ಹರಿದು, ನೆಲ ಬಿಟ್ಟ ಮರುಗಳಿಗೆಯಲ್ಲೇ ಅದನ್ನು ಮೂಕವಾಗಿಸಬಲ್ಲದು. ಆದಕಾರಣ, ತಿಳಿನೀಲಿಯ ಇಂಧನದಡಿ ಬಣ್ಣವಿಲ್ಲದ ಹನಿಯೊಂದು ಕಂಡರೂ, ಅದು ಕಾಣದಾಗುವವರೆಗೆ ಮತ್ತೆ ಮತ್ತೆ ಬಸಿಯತಕ್ಕದ್ದು. ನಿನ್ನೆ ಸಂಜೆ ತಾನೇ ಹಾರಿಸಿ ತಂದು ನಿಲ್ಲಿಸಿದ ವಿಮಾನವೆಂದು ವಿನಾಯಿತಿಯಿಲ್ಲ. ತರುವಾಯ ಎಣ್ಣೆಯ ಮಟ್ಟ, ಚುಕ್ಕಾಣಿಯ ಕೀಲು, ಟೈರುಗಳ ಸರದಿ. ಚೆಕ್‌ಲಿಸ್ಟು ಬಾಯಿಪಾಠವಾಗಿದ್ದರೂ ಕೈಯಲ್ಲಿ ಹಿಡಿದು ಓದಿಯೇ ತೀರಬೇಕು, ನೆನಪೂ ಪೂರ್ತಿ ನಂಬತಕ್ಕ ಸಾಕ್ಷಿಯಲ್ಲವಾದ್ದರಿಂದ.

ಸರಕಾರವೂ ಅವನನ್ನು ಸುಲಭವಾಗಿ ನಂಬುವುದಿಲ್ಲ. 17 ವರ್ಷ ತುಂಬಿ 40 ಗಂಟೆ ಹಾರಿದವನಿಗೆ ಖಾಸಗಿ ಪರವಾನಗಿ ದೊರೆಯಬಹುದು. ಹಾರಾಟವೇ ಜೀವನೋಪಾಯವಾಗಬೇಕಾದರೆ 18 ವರ್ಷವೂ 200 ಗಂಟೆಯೂ ಆಗಬೇಕು, ಅದರಲ್ಲಿ 100 ಗಂಟೆ ವಿಮಾನದ ಹೊಣೆಯೆಲ್ಲ ಅವನದೇ ಆಗಿರಬೇಕು. ಹವಾಮಾನ, ದಿಗ್ನಿರ್ಣಯ, ವಾಯುಯಾನದ ನಿಯಮಗಳೆಂಬ ಪತ್ರಿಕೆಗಳಲ್ಲಿ 100ಕ್ಕೆ 70 ಅಂಕ ಬಾರದಿದ್ದರೆ ತೇರ್ಗಡೆಯಿಲ್ಲ. ಇಷ್ಟೆಲ್ಲ ಮುಗಿದು ಪರವಾನಗಿ ಕೈಸೇರಿದ ಮೇಲೂ, ವೈದ್ಯರ ಮುಂದೆ ಕಾಲಕಾಲಕ್ಕೆ ಹೋಗಿ ನಿಲ್ಲುವುದು ತಪ್ಪದು.

ಆದರೆ ಎಲ್ಲಕ್ಕಿಂತ ಕಠಿಣವಾದದ್ದು ಸ್ವಂತ ದೇಹವನ್ನೇ ಸಂದೇಹಿಸುವ ಪಾಠ. ಮೋಡದೊಳಗೆ ಹೊಕ್ಕು ದಿಗಂತ ಮರೆಯಾದಾಗ, ವಿಮಾನವು ಒಂದೇ ಸಮನೆ ಮೆಲ್ಲಗೆ ಹೊರಳುತ್ತಿದ್ದರೆ, ಒಳಗಿವಿಯ ನಾಳಗಳಲ್ಲಿನ ದ್ರವವು ಕೆಲಹೊತ್ತಿಗೆ ಆ ಗತಿಗೇ ಹೊಂದಿಕೊಂಡುಬಿಡುತ್ತದೆ. ಆಗ ನೆಟ್ಟಗೆ ಹೋಗುತ್ತಿದ್ದೇನೆಂದು ಮೈಯೆಲ್ಲ ಸಾರಿ ಹೇಳುತ್ತಿರುತ್ತದೆ. ಉಪಕರಣವನ್ನು ನೋಡಿ ರೆಕ್ಕೆಗಳನ್ನು ಸಮಗೊಳಿಸಿದೊಡನೆ, ಎದುರು ದಿಕ್ಕಿಗೆ ಉರುಳಿಹೋಗುತ್ತಿರುವಂತೆ ಅದೇ ಮೈ ಬೊಬ್ಬಿಡುತ್ತದೆ. ಹುಟ್ಟಿದಾರಭ್ಯ ಜೊತೆಗಿದ್ದ ಕಿವಿಯ ಮಾತನ್ನು ತಳ್ಳಿಹಾಕಿ, ಕೃತಕ ದಿಗಂತವೆಂಬ ಆ ಅಂಗೈಯಗಲದ ಉಪಕರಣದ ಮಾತನ್ನು ಒಪ್ಪುವುದು ಸಾಮಾನ್ಯ ಸಂಯಮವಲ್ಲ.

ಹೀಗೆ ಪಳಗಿದ ಶಿಷ್ಯನನ್ನು ಒಂದು ದಿನ, ಮುಂಚಿತವಾಗಿ ಏನನ್ನೂ ಹೇಳದೆ, ಶಿಕ್ಷಕನು ಮೈದಾನದ ಅಂಚಿನಲ್ಲಿ ಇಳಿದುಕೊಂಡು, “ಒಂದು ಸುತ್ತು ಹೋಗಿ ಬಾ” ಎಂದು ಕಳುಹಿಸುತ್ತಾನೆ. ಇದೇ ಸೋಲೋ. ಒಬ್ಬನ ಭಾರ ಕಳೆದ ವಿಮಾನವು ಎಂದಿಗಿಂತ ಬೇಗನೆ ಮೇಲೇರುತ್ತದೆ. ಬಲಗಡೆಯ ಆಸನವು ಬರಿದಾಗಿರುವುದು ಆಗಲೇ ಅವನ ಅರಿವಿಗೆ ಬರುವುದು. ಸುತ್ತು ಹಾಕಿ ರನ್‌ವೇಯ ನೇರಕ್ಕೆ ತಿರುಗಿದಾಗ, ಎತ್ತರ ತುಸು ಹೆಚ್ಚಾಯಿತೆ ಎಂಬ ಶಂಕೆ. ಹೇಗಾದರೂ ಇಳಿಸಿಬಿಡೋಣ, ಎಲ್ಲರೂ ನೋಡುತ್ತಿದ್ದಾರೆ ಎನ್ನುತ್ತದೆ ಮನಸ್ಸು. ಕೈ ಆ ಮಾತನ್ನು ಕೇಳದೆ ಥ್ರಾಟಲ್ಲನ್ನು ಪೂರ್ತಿ ಮುಂದೊತ್ತುತ್ತದೆ. ನೆಲ ಮುಟ್ಟಲಿದ್ದ ವಿಮಾನ ಗರ್ಜಿಸಿ ಮತ್ತೆ ಮೇಲೇಳುತ್ತದೆ.

ಕೆಳಗೆ ನಿಂತು ನೋಡುತ್ತಿದ್ದ ಶಿಕ್ಷಕನು, ಅಷ್ಟು ಹೊತ್ತು ಬಿಗಿಹಿಡಿದಿದ್ದ ಉಸಿರನ್ನು ಬಿಟ್ಟು, ಅಲ್ಲೇ ಹುಲ್ಲಿನ ಮೇಲೆ ನಿಶ್ಚಿಂತೆಯಿಂದ ಕುಳಿತುಕೊಳ್ಳುತ್ತಾನೆ.