ಇಳಿಜಾರಿನಲ್ಲಷ್ಟೇ ಹೊತ್ತುವ ದೀಪ

ಮಡಿಕೇರಿಯಿಂದ ಚೆಟ್ಟಳ್ಳಿ ಮಾರ್ಗವಾಗಿ ಸಿದ್ದಾಪುರಕ್ಕೆ ಇಳಿಯುವಾಗ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ಬ್ರೇಕ್ ದೀಪ ಹೊತ್ತಿಕೊಳ್ಳುತ್ತದೆ. ರಸ್ತೆ ಸಮವಾದ ಕೂಡಲೇ ಆರಿಹೋಗುತ್ತದೆ. ಸಿದ್ದಾಪುರದ ಪೇಟೆಯಲ್ಲಿ ಗ್ಯಾರೇಜಿನ ಮುಂದೆ ನಿಲ್ಲಿಸಿ ತೋರಿಸೋಣವೆಂದರೆ ದೀಪವೇ ಇಲ್ಲ! ‘ಎಲ್ಲೋ ವಯರ್ ಲೂಸ್ ಇರಬೇಕು’ ಎಂದುಕೊಂಡು ಮನೆಗೆ ಹೋಗುವವರೇ ಹೆಚ್ಚು. ವಯರ್ ಮಾತ್ರ ಬಹಳ ಸಲ ಸರಿಯಾಗಿಯೇ ಇರುತ್ತದೆ.

ಬಾನೆಟ್ಟಿನ ಕೆಳಗೆ ಬ್ರೇಕ್ ಆಯಿಲ್ ತುಂಬಿದ ಸಣ್ಣ ಪ್ಲಾಸ್ಟಿಕ್ ಡಬ್ಬಿಯೊಂದಿದೆ. ಅದರೊಳಗೆ ತೇಲುವ ಬೆಂಡು ಕೆಳಗಿಳಿದರೆ ದೀಪ ಹೊತ್ತುತ್ತದೆ. ಬ್ರೇಕ್ ಪ್ಯಾಡು ಸವೆದಷ್ಟೂ ಚಕ್ರದ ಬಳಿಯ ಪಿಸ್ಟನ್ ಹೊರಗೆ ಬರುತ್ತದೆ, ಅದರ ಹಿಂದೆ ಉಂಟಾದ ಜಾಗವನ್ನು ತುಂಬಲು ಡಬ್ಬಿಯಿಂದ ಆಯಿಲ್ ಇಳಿಯುತ್ತದೆ. ಮಟ್ಟ ಅಂಚಿಗೆ ಬಂದಿರುವಾಗ ಕಾರು ಮುಂದಕ್ಕೆ ಬಾಗಿದರೆ, ಅದರ ಮೇಲೆ ಬ್ರೇಕನ್ನೂ ಒತ್ತಿದರೆ, ಉಳಿದ ಆಯಿಲ್ ಡಬ್ಬಿಯ ಮುಂಬದಿಗೆ ಸರಿದು ಬೆಂಡು ಒಂದು ಕ್ಷಣ ತಳ ಸೇರುತ್ತದೆ. ಮೈಸೂರಿನ ಕಾರಿನಲ್ಲಿ ಇನ್ನೂ ಕೆಲವು ವಾರಗಳ ನಂತರ ಕಾಣಬೇಕಾದ ದೀಪ ಕೊಡಗಿನ ಕಾರಿನಲ್ಲಿ ಮೊದಲೇ ಕಾಣುವುದು ಹೀಗೆ. ಆದ್ದರಿಂದ ಯಾವ ದೀಪ ಹೊತ್ತಿತು ಎಂಬುದರ ಜೊತೆಗೆ ಎಲ್ಲಿ ಹೊತ್ತಿತು ಎಂಬುದನ್ನೂ ನೆನಪಿಡಬೇಕು.

ಮನೆಯ ಅಂಗಳದಲ್ಲಿ, ಸಮ ನೆಲದ ಮೇಲೆ, ಮೊದಲು ಹ್ಯಾಂಡ್ ಬ್ರೇಕ್ ಪೂರ್ತಿ ಇಳಿದಿದೆಯೇ ನೋಡಿ. ಆಮೇಲೆ ಡಬ್ಬಿಯ ಮೇಲಿನ ಕನಿಷ್ಠ ಗೆರೆ. ಆಯಿಲ್ ಆ ಗೆರೆಯ ಆಸುಪಾಸಿನಲ್ಲಿದ್ದರೆ ಸುರಿದು ತುಂಬಿಸುವ ಆತುರ ಬೇಡ. ತುಂಬಿಸಿದರೆ ದೀಪ ಆರುತ್ತದೆ, ಸವೆದ ಪ್ಯಾಡು ಹಾಗೇ ಉಳಿಯುತ್ತದೆ. ಪೆಡಲ್ ಮೆತ್ತಗಾಗಿದ್ದರೆ, ಚಕ್ರದ ಒಳಬದಿಯಲ್ಲಿ ಎಣ್ಣೆಯ ಪಸೆ ಕಂಡರೆ ಅದು ಸೋರಿಕೆ. ಆ ಕಾರನ್ನು ಗ್ಯಾರೇಜಿನವರೆಗೂ ಓಡಿಸಬಾರದು.

ಇದಕ್ಕಿಂತ ನನ್ನನ್ನು ಹೆಚ್ಚು ಚಿಂತೆಗೆ ಹಚ್ಚುವುದು ದೀಪವೇ ಇಲ್ಲದ ಒಂದು ದೋಷ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ, ಶೇ. 3.7ರಷ್ಟು ನೀರು ಸೇರಿದ ಆಯಿಲ್‌ಗೆ ಅದೇ ಮಿತಿ 140 ಡಿಗ್ರಿ. ಡಾಟ್ 4ಕ್ಕೆ 230 ಮತ್ತು 155. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ಊರಿನಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ಸಂಪಾಜೆ ಘಾಟಿಯಲ್ಲಿ ಉದ್ದಕ್ಕೂ ಬ್ರೇಕ್ ತುಳಿದೇ ಇಳಿದರೆ ಆಯಿಲ್ ಕುದಿದು ಆವಿಯ ಗುಳ್ಳೆಯಾಗಬಹುದು. ಗುಳ್ಳೆ ಒತ್ತಿದರೆ ಕುಗ್ಗುತ್ತದೆ, ಪೆಡಲ್ ನೆಲ ಮುಟ್ಟುತ್ತದೆ, ಕಾರು ಮಾತ್ರ ನಿಲ್ಲುವುದಿಲ್ಲ. ಎರಡನೇ ಗೇರಿನಲ್ಲಿ ಇಳಿಯಿರಿ ಎಂದು ಹಳೆಯ ಜೀಪ್ ಡ್ರೈವರುಗಳು ಹೇಳುವುದು ಸುಮ್ಮನೆ ಅಲ್ಲ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸುವುದೂ ಒಳ್ಳೆಯದು.

ಎಂಜಿನ್ ಆಯಿಲ್ ದೀಪಕ್ಕೂ ಇಳಿಜಾರಿನ ನಂಟಿದೆ. ಅದು ತೋರಿಸುವುದು ಎಣ್ಣೆಯ ಮಟ್ಟವನ್ನಲ್ಲ, ಒತ್ತಡವನ್ನು. ಎಣ್ಣೆ ಕಡಿಮೆಯಿದ್ದಾಗ ಕಡಿದಾದ ತಿರುವಿನಲ್ಲಿ ಅದು ಒಂದು ಬದಿಗೆ ಸರಿದರೆ ಪಂಪು ಗಾಳಿ ಹೀರುತ್ತದೆ, ದೀಪ ಮಿಣುಕುತ್ತದೆ. ಕೂಡಲೇ ಸಮ ನೆಲದಲ್ಲಿ ಕಾರು ನಿಲ್ಲಿಸಿ ಎಂಜಿನ್ ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ಎಣ್ಣೆಯ ಅಳತೆಕಡ್ಡಿ ಎಳೆದು ನೋಡಬೇಕು. ಎಣ್ಣೆ ಸಾಕಷ್ಟಿದ್ದೂ ದೀಪ ಹೊತ್ತುತ್ತಿದ್ದರೆ ಮತ್ತೆ ಸ್ಟಾರ್ಟ್ ಮಾಡದೆ ಟೋಯಿಂಗ್ ವಾಹನ ಕರೆಸುವುದೇ ಅಗ್ಗ.

ಬ್ಯಾಟರಿ ಚಿತ್ರದ ದೀಪ ದೂರುವುದು ಬ್ಯಾಟರಿಯನ್ನಲ್ಲ, ಚಾರ್ಜಿಂಗನ್ನು. ಸಾಧಾರಣ ಮಲ್ಟಿಮೀಟರ್ ಸಾಕು: ಆಫ್ ಇರುವಾಗ ಸುಮಾರು 12.6 ವೋಲ್ಟ್, ಎಂಜಿನ್ ಓಡುವಾಗ 14ರ ಆಸುಪಾಸು. ಓಡುವಾಗಲೂ 12ರಲ್ಲೇ ಇದ್ದರೆ ಬೆಲ್ಟ್ ಅಥವಾ ಆಲ್ಟರ್ನೇಟರ್ ನೋಡಿಸಿ.

ಇನ್ನು ಹಳದಿ ಎಂಜಿನ್ ದೀಪ. ಸುಮ್ಮನೆ ಉರಿಯುತ್ತಿದ್ದರೆ ನಿಧಾನವಾಗಿ ಮನೆ ಸೇರಬಹುದು. ಮಿನುಗುತ್ತಿದ್ದರೆ ಯಾವುದೋ ಸಿಲಿಂಡರಿನಲ್ಲಿ ಇಂಧನ ಉರಿಯದೆ ಸೈಲೆನ್ಸರ್ ದಾರಿಯ ಕ್ಯಾಟಲಿಟಿಕ್ ಕನ್ವರ್ಟರ್ ಸೇರಿ ಅದನ್ನು ಸುಡುತ್ತಿರಬಹುದು, ನಿಲ್ಲಿಸಬೇಕು. ಈಚಿನ ಕಾರುಗಳಲ್ಲಿ ಸ್ಟೇರಿಂಗಿನ ಕೆಳಗಿರುವ 16 ಪಿನ್ನಿನ ಸಾಕೆಟ್ಟಿಗೆ ಸಣ್ಣ ಬ್ಲೂಟೂತ್ ಸಾಧನ ಸಿಕ್ಕಿಸಿದರೆ ಮೊಬೈಲಿನಲ್ಲಿ ಕೋಡ್ ಕಾಣುತ್ತದೆ. ಕಂಡ ಕೂಡಲೇ ಅಳಿಸಬೇಡಿ. ದೋಷ ಬಂದ ಗಳಿಗೆಯ ವೇಗ, ಎಂಜಿನ್ನಿನ ಸುತ್ತು, ಉಷ್ಣತೆ ಎಲ್ಲವೂ ಅದರ ಜೊತೆ ದಾಖಲಾಗಿರುತ್ತವೆ. ಅಳಿಸಿದರೆ ಅವೂ ಹೋಗುತ್ತವೆ.

ಕೋಡ್ ಪಿ0301 ಎಂದರೆ ಒಂದನೇ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ ಎಂದಷ್ಟೇ. ಅಷ್ಟಕ್ಕೇ ಹೊಸ ಇಗ್ನಿಷನ್ ಕಾಯಿಲ್ ಕೊಳ್ಳಬೇಡಿ. ಪ್ರತಿ ಪ್ಲಗ್ಗಿಗೂ ಬೇರೆ ಕಾಯಿಲ್ ಇರುವ ಪೆಟ್ರೋಲ್ ಕಾರಾದರೆ, ಎಂಜಿನ್ ಆಫ್ ಆಗಿ ತಣಿದ ಮೇಲೆ, ಒಂದನೆಯ ಮತ್ತು ಎರಡನೆಯ ಕಾಯಿಲ್ ಅದಲು ಬದಲು ಮಾಡಿ ಓಡಿಸಿ ನೋಡಿ. ಕೋಡ್ ಪಿ0302ಕ್ಕೆ ಸರಿದರೆ ಕಾಯಿಲ್ ಕೆಟ್ಟಿದೆ. ಅಲ್ಲೇ ನಿಂತರೆ ಪ್ಲಗ್, ಇಂಜೆಕ್ಟರ್ ಅಥವಾ ವಯರ್. ಮಳೆಗಾಲವಿಡೀ ತೋಟದ ಶೆಡ್ಡಿನಲ್ಲಿ ನಿಂತ ಕಾರಾದರೆ ವಯರನ್ನೇ ಮೊದಲು ನೋಡಿ, ಇಲಿ ಕಡಿದಿರಬಹುದು.